ಕಿಟೆಲ್ ಸಾಹೇಬರ ಪಂಚಾಯಿತಿಕೆ

ಪದದಾಟಕ್ಕೆ ಕೂರುವವರು ಮೊದಲು ಒಂದು ನಿಘಂಟನ್ನು ಒಪ್ಪಿಕೊಂಡು ಕೂರಬೇಕು ಎನ್ನುವುದು ಬಲ್ಲವರ ಮಾತು. ಸ್ಕ್ರ್ಯಾಬಲ್ ಡಬ್ಬಿಯ ಜೊತೆ ಬರುವ ನಿಯಮಗಳ ಕಾಗದದಲ್ಲೂ ಅದನ್ನೇ ಅಚ್ಚು ಹಾಕಿರುತ್ತಾರೆ. ಬರೆದವರಿಗೆ ಅದು ಒಂದು ಸಾಲು. ನಮ್ಮ ಅಜ್ಜನ ಮನೆಯಲ್ಲಿ ಆ ಒಂದು ಸಾಲು ಎರಡು ತಲೆಮಾರನ್ನು ತಿಂದುಹಾಕಿತು. ಜಮೀನಿನ ಹಿಸ್ಸೆ ಒಂದೇ ಮಧ್ಯಾಹ್ನದಲ್ಲಿ ಮುಗಿದ ಮನೆ ಅದು. ನಿಘಂಟು ಯಾವುದು ಎನ್ನುವುದು ಮಾತ್ರ ಇವತ್ತಿಗೂ ಪೂರ್ತಿ ಇತ್ಯರ್ಥವಾಗಿಲ್ಲ.

ಆಟ ಬಲು ಸರಳ. ಒಬ್ಬರು ಒಂದು ಪದ ಹೇಳಬೇಕು, ಅದರ ಕೊನೆಯ ಅಕ್ಷರ ಹಿಡಿದು ಪಕ್ಕದವರು ಇನ್ನೊಂದು ಪದ ಹೇಳಬೇಕು. ಹಾಡಿನ ಅಂತ್ಯಾಕ್ಷರಿಗೆ ದನಿ ಬೇಕು. ನಮ್ಮ ವಂಶದಲ್ಲಿ ದನಿ ಯಾರಿಗೂ ಇರಲಿಲ್ಲ, ಹಾಗಾಗಿ ಬರೀ ಪದಗಳ ಅಂತ್ಯಾಕ್ಷರಿ. ತೀರ್ಥಹಳ್ಳಿ ಕಡೆಯ ಆ ಹಳ್ಳಿಮನೆಯಲ್ಲಿ ಬೇಸಿಗೆ ರಜೆಯ ಮಧ್ಯಾಹ್ನ ದೊಡ್ಡವರ ನಿದ್ದೆ ಮುಗಿದು ಕಾಫಿಯಾದ ಮೇಲೆ ಆಟ ಕೂಡುತ್ತಿತ್ತು. ಗಂಡಸರು, ಮಕ್ಕಳು ಜಗಲಿಯಲ್ಲಿ. ಹೆಂಗಸರು ನಡುಮನೆಯ ಹೊಸ್ತಿಲ ಆಚೆ. ಹಣ, ಗುಣ, ಬಣ್ಣ ಎಂದು ಹೇಳಿ ಪಕ್ಕದವರನ್ನು ಸಿಕ್ಕಿಸಿಹಾಕುವುದು ಮಕ್ಕಳಾದ ನಾವು ಕಲಿತ ಮೊದಲ ಕಪಟ. ಣಕಾರದಿಂದ ಶುರುವಾಗುವ ಪದವನ್ನು ಎಲ್ಲಿಂದ ತರುವುದು? ಅದಕ್ಕೇ ಣ ಬಂದರೆ ನ, ಳ ಬಂದರೆ ಲ ಎಂದು ಅಜ್ಜ ಕಾನೂನು ಮಾಡಿದ್ದರು. ಅವರು ಹೆಡ್‌ಮಾಸ್ತರಾಗಿ ನಿವೃತ್ತರಾದವರು. ಕಾನೂನು ಮಾಡಲು ಮನೆಯಲ್ಲಿ ಇನ್ನೇನೂ ಉಳಿದಿರದ ಕಾಲದಲ್ಲಿ ಈ ಆಟ ಅವರ ಕೈಗೆ ಸಿಕ್ಕಿತ್ತು.

ಕಾನೂನಿನ ಎರಡನೆಯ ಕಲಮು ಹೀಗಿತ್ತು: ಯಾರಾದರೂ ಹೇಳಿದ ಪದದ ಮೇಲೆ ಅನುಮಾನ ಬಂದರೆ ಕೇಳಬಹುದು, ಪುಸ್ತಕ ತೆಗೆಸಬಹುದು. ಪದ ಪುಸ್ತಕದಲ್ಲಿ ಇಲ್ಲದಿದ್ದರೆ ಹೇಳಿದವರು, ಇದ್ದರೆ ಅನುಮಾನಪಟ್ಟವರು ಆ ದಿನದ ಕಾಫಿ ಲೋಟಗಳನ್ನೆಲ್ಲ ತೊಳೆಯಬೇಕು.

ಪುಸ್ತಕವೆಂದರೆ ಆಗ ಕಿಟೆಲ್. ಬಾಸೆಲ್ ಮಿಶನ್ನಿನವರು 1853ರಲ್ಲಿ ಇಲ್ಲಿಗೆ ಕಳಿಸಿದ ಜರ್ಮನ್ ಪಾದ್ರಿ ಫರ್ಡಿನೆಂಡ್ ಕಿಟೆಲ್, 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಅವರ ಕನ್ನಡ-ಇಂಗ್ಲಿಷ್ ನಿಘಂಟು, ಸುಮಾರು 70,000 ಪದ. ಅಜ್ಜನ ಪ್ರತಿ ಯಾರ ಕೈಯಿಂದ ಯಾರ ಕೈಗೆ ದಾಟಿ ಬಂದಿತ್ತೋ, ಬೆನ್ನಿಗೆ ಹೊಸ ಬಟ್ಟೆ ಹೊಲಿಸಿಕೊಂಡು, ಗೆದ್ದಲಿಗೆ ಹೆದರಿ ಮರದ ಪೆಟ್ಟಿಗೆಯೊಳಗೆ ವಾಸವಾಗಿತ್ತು. ಅದನ್ನು ನೆಲಕ್ಕೆ ಇಡುವಂತಿರಲಿಲ್ಲ, ಮಣೆ ಹಾಕಬೇಕಿತ್ತು. ಮುಟ್ಟುವವರು ಕೈ ತೊಳೆದು ಬರಬೇಕಿತ್ತು. “ಪಾದ್ರಿಯ ಪುಸ್ತಕಕ್ಕೂ ಮಡಿಯೇ ಮಾವಾ?” ಎಂದು ಮೈಸೂರಿನ ದೊಡ್ಡಪ್ಪ ಛೇಡಿಸಿದರೆ, “ಪುಸ್ತಕಕ್ಕೆ ಅಲ್ಲಯ್ಯಾ, ನಿಮ್ಮ ಕೈಯ ಚಕ್ಕುಲಿಯ ಎಣ್ಣೆಗೆ,” ಎನ್ನುತ್ತಿದ್ದರು ಅಜ್ಜ.

ಕಿಟೆಲ್ಲೇ ಯಾಕೆ ಎನ್ನುವುದಕ್ಕೆ ಅವರ ಬಳಿ ಗಟ್ಟಿ ಕಾರಣವಿತ್ತು. ನಮ್ಮದು ನಾಲ್ಕು ದಿಕ್ಕಿನ ಕನ್ನಡ ಬಂದು ಬೀಳುವ ಮನೆ. ದೊಡ್ಡಮ್ಮನನ್ನು ಮೈಸೂರಿಗೆ ಕೊಟ್ಟಿತ್ತು, ಚಿಕ್ಕಮ್ಮನನ್ನು ಕುಂದಾಪುರಕ್ಕೆ. ಸೋದರಮಾವ ಮದುವೆಯಾಗಿ ಕರೆತಂದದ್ದು ಧಾರವಾಡದ ಹುಡುಗಿಯನ್ನು. ಒಬ್ಬರ ಮನೆಯ ಮಾತು ಇನ್ನೊಬ್ಬರಿಗೆ ನಗೆಪಾಟಲು. ಇದರೊಳಗೆ ಯಾರ ಪರವಾಗಿ ತೀರ್ಪು ಕೊಟ್ಟರೂ ಒಬ್ಬ ಬೀಗರಿಗೆ ಸಿಟ್ಟು. “ಕಿಟೆಲ್ ನಮಗೆ ಯಾರಿಗೂ ನೆಂಟನಲ್ಲ. ಅದಕ್ಕೇ ಅವನು ಪಂಚ,” ಎಂದು ಅಜ್ಜ ಹೇಳಿದ ಮೇಲೆ ಮರುಮಾತಿರಲಿಲ್ಲ. ಇದ್ದದ್ದು ದೊಡ್ಡಪ್ಪನದೊಂದೇ: ಈ ಮನುಷ್ಯ ಬದುಕಿದ್ದೆಲ್ಲ ಧಾರವಾಡ, ಹುಬ್ಬಳ್ಳಿ, ಮಂಗಳೂರು, ಮಡಿಕೇರಿಗಳಲ್ಲಿ; ಮೈಸೂರಿನ ಕನ್ನಡದ ಮೇಲೆ ಅವನಿಗೇನು ಅಕ್ಕರೆ? ಅಜ್ಜ ಪುಟ ತೆರೆದು, ಕೆಲವು ಪದಗಳ ಪಕ್ಕದಲ್ಲಿ ಇದು ಮೈಸೂರಿನ ಬಳಕೆ ಎಂದು ತೋರಿಸಲು ಕಿಟೆಲ್ ಹಾಕಿದ ಎರಡಕ್ಷರದ ಗುರುತನ್ನು ತೋರಿಸಿದರು. ತಮ್ಮ ಊರಿಗೆ ಜರ್ಮನ್ ಪಾದ್ರಿ ಪ್ರತ್ಯೇಕ ಮುದ್ರೆಯನ್ನೇ ಮಾಡಿಸಿದ್ದಾನೆಂದು ತಿಳಿದು ದೊಡ್ಡಪ್ಪ ತಣ್ಣಗಾದರು. ಧಾರವಾಡದ ಕಡೆಗೂ ಒಂದು ಗುರುತಿತ್ತು. ಆದರೆ ಆ ಕಾಲದ ಆಡಳಿತದ ಹೆಸರು ಹಿಡಿದು ಅದನ್ನು ದಕ್ಷಿಣ ಮರಾಠಾ ಸೀಮೆ ಎಂದು ಕರೆದಿತ್ತು. ಅದನ್ನು ಕೇಳಿ ಅತ್ತೆ ಹೊಸ್ತಿಲ ಆಚೆ ಮುಖ ಸಣ್ಣಗೆ ಮಾಡಿಕೊಂಡದ್ದನ್ನು ನೋಡಿದ್ದು ಮಕ್ಕಳಾದ ನಾವು ಮಾತ್ರ.

ಈ ಏರ್ಪಾಡಿನಲ್ಲೊಂದು ತಮಾಷೆಯಿತ್ತು. ಕನ್ನಡದ ಪದ ಕನ್ನಡವೇ ಹೌದೋ ಅಲ್ಲವೋ ಎಂದು ತಿಳಿಯಲು ನಮಗೆ ಇಂಗ್ಲಿಷ್ ಬೇಕಿತ್ತು. ಅರ್ಥವೆಲ್ಲ ಅದರಲ್ಲೇ ಅಲ್ಲವೇ? ಮನೆಯಲ್ಲಿ ಅದನ್ನು ನಿರಾಯಾಸವಾಗಿ ಓದುವವರು ಅಜ್ಜ ಮತ್ತು ದೊಡ್ಡಪ್ಪ, ಇಬ್ಬರೂ ಆಟಗಾರರು. “ನೀವೇ ಆಡಿ, ನೀವೇ ಓದಿ, ನೀವೇ ಗೆಲ್ಲಿ,” ಎಂದು ಅಜ್ಜಿ ಒಳಗಿನಿಂದ ಮೂದಲಿಸಿದ ಮೇಲೆ ಹೈಸ್ಕೂಲಿಗೆ ಹೋಗುತ್ತಿದ್ದ ನನ್ನ ಅಕ್ಕನನ್ನು ಓದುವ ಗುಮಾಸ್ತೆಯಾಗಿ ನೇಮಿಸಲಾಯಿತು. ಅಕ್ಕ ಆಟದಲ್ಲಿ ಸೇರುವಂತಿರಲಿಲ್ಲ. ಅದರ ಸಂಬಳವೆಂದು ದಿನಕ್ಕೊಂದು ಹೆಚ್ಚಿನ ಹೋಳಿಗೆ. ಅವಳ ಕಷ್ಟ ಬೇರೆ ಇತ್ತು. ಕಿಟೆಲ್ ಪಾದ್ರಿಯಾಗಿದ್ದರೂ ಹೇಳಬಾರದ ಪದಗಳನ್ನು ಬಿಟ್ಟವರಲ್ಲ, ಎಲ್ಲದಕ್ಕೂ ಅಷ್ಟೇ ಗಂಭೀರವಾಗಿ ಅರ್ಥ ಕೊಟ್ಟಿದ್ದಾರೆ. ಅಂಥದ್ದು ಪಕ್ಕದಲ್ಲೆಲ್ಲಾದರೂ ಕಂಡರೆ ಅಕ್ಕನ ಕಿವಿ ಕೆಂಪಾಗುತ್ತಿತ್ತು. ಯಾವ ಪುಟವೆಂದು ನಾವು ಹುಡುಗರು ಗುರುತು ಮಾಡಿಟ್ಟುಕೊಳ್ಳುತ್ತಿದ್ದೆವು. ನಾವು ಇಂಗ್ಲಿಷ್ ಕಲಿತದ್ದರಲ್ಲಿ ಬಾಸೆಲ್ ಮಿಶನ್ನಿನ ಪಾಲೂ ಇದೆ.

ಅತ್ತೆಯ ವಿಷಯಕ್ಕೆ ಬರುತ್ತೇನೆ. ಮದುವೆಯಾಗಿ ಬಂದ ಮೊದಲ ಬೇಸಿಗೆ. ಮಾವನವರ ಎದುರು ಆಕೆ ನಿಂತು ಮಾತಾಡಿದ್ದನ್ನು ಯಾರೂ ನೋಡಿರಲಿಲ್ಲ. ಕಾಫಿ ಕೂಡ ಬಾಗಿಲ ಸಂದಿಯಿಂದ ನಮ್ಮ ಕೈಗೆ ಬರುತ್ತಿತ್ತು. ಆ ದಿನ ಆಟ ಶುರುಮಾಡುವ ಸರದಿ ಅವರದು. ಶುರುವಿನವರು ಯಾವ ಅಕ್ಷರದ ಪದವನ್ನಾದರೂ ಹೇಳಬಹುದು. ಒಳಗಿನಿಂದ ಮೆಲ್ಲಗೆ “ಉಳ್ಳಾಗಡ್ಡಿ” ಎಂದಿತು.

ಜಗಲಿಯೆಲ್ಲ ನಕ್ಕಿತು. ದೊಡ್ಡಪ್ಪ “ಈರುಳ್ಳಿ” ಎಂದು ತಿದ್ದಿದರು. ಕುಂದಾಪುರದ ಚಿಕ್ಕಪ್ಪ “ಎಂತ ಮಾರಾಯ್ರೆ, ನೀರುಳ್ಳಿ ಅಲ್ದಾ?” ಎಂದರು. ಅಜ್ಜ ಎಲೆಯಡಿಕೆಯ ತಟ್ಟೆ ಸರಿಸಿ, “ಗಡ್ಡಿ ಗಿಡ್ಡಿ ಎಲ್ಲ ಇಲ್ಲಿ ನಡೆಯೋದಿಲ್ಲಮ್ಮ, ಬೇರೆ ಹೇಳು,” ಎಂದರು. ಅಷ್ಟಕ್ಕೆ ಮುಗಿಯಬೇಕಿತ್ತು. ಆದರೆ ಹೊಸ್ತಿಲ ಆಚೆಯಿಂದ ದನಿ ಬಂತು: “ನಮ್ಮ ಕಡೆ ಹಂಗ ಅಂತಾರ್ರಿ, ಮಾವನೋರ. ಪುಸ್ತಕ ತಗದು ನೋಡ್ರಿ.”

ಆ ಮನೆಯಲ್ಲಿ ಅಜ್ಜನಿಗೆ ಹಾಗೆ ಹೇಳಿದವರಿರಲಿಲ್ಲ. ಐವತ್ತು ದಾಟಿದ ಅಳಿಯನೂ ತಲೆ ಕೆರೆದುಕೊಂಡು ಸುತ್ತಿ ಬಳಸಿ ಹೇಳುತ್ತಿದ್ದ. ಸೋದರಮಾವ ಕಂಬದ ಮರೆಗೆ ಸರಿದರು. ಅಕ್ಕ ಕೈ ತೊಳೆದು ಬಂದು ಮಣೆಯ ಮೇಲೆ ಪುಸ್ತಕವಿಟ್ಟು ಪುಟ ಮಗುಚಿದಳು. ‘ಉಳ್ಳಿ’ ಸಿಕ್ಕಿತು. ಅರ್ಥ ಸರಿಯಾಗಿಯೇ ಇತ್ತು. ಮುಂದೆ ಓದಬೇಡ ಎಂದು ಕೈ ತೋರಿಸಿ ಅಜ್ಜ ಕಣ್ಣು ಮುಚ್ಚಿದರು. ಅವರು ಶಾಲೆಯಲ್ಲಿ ವ್ಯಾಕರಣ ಹೇಳುವಾಗಲೂ ಹೀಗೇ ಕಣ್ಣು ಮುಚ್ಚುತ್ತಿದ್ದರಂತೆ. “ಉಳ್ಳಿ ಇದೆ. ಗಡ್ಡೆ ಕನ್ನಡವಲ್ಲ ಅನ್ನಲು ನನಗೆ ಬಾಯಿಲ್ಲ. ಎರಡು ಸೇರಿಸಿ ಸಮಾಸ ಮಾಡಬಾರದು ಅಂತ ನಾನು ಕಾನೂನು ಮಾಡಿಲ್ಲ. ಪದ ನಿಲ್ಲುತ್ತೆ.” ಹಾಗೆಂದವರೇ ಎದ್ದು ಪಂಚೆ ಎತ್ತಿ ಕಟ್ಟಿದರು.

ಎಲ್ಲಿಗೆ ಹೊರಟರೆಂದು ತಿಳಿಯಲು ನಮಗೆ ಸ್ವಲ್ಪ ಹೊತ್ತು ಹಿಡಿಯಿತು. ಹಿತ್ತಲ ಕಲ್ಲಿನ ಮುಂದೆ ಕುಕ್ಕರಗಾಲಲ್ಲಿ ಕೂತು, ತೆಂಗಿನ ನಾರು, ಬೂದಿ ಹಿಡಿದು, ಹೆಡ್‌ಮಾಸ್ತರರು ಲೋಟ ತಿಕ್ಕತೊಡಗಿದರು. ಮನೆಯಲ್ಲಿ ಅಂದು ಹದಿನೈದಿಪ್ಪತ್ತು ಜನ, ಲೋಟಗಳೂ ಅಷ್ಟೇ. ಅತ್ತೆ ಅಳುತ್ತ ಓಡಿಬಂದು “ಬ್ಯಾಡ್ರಿ ಮಾವನೋರ, ನಾ ತೊಳೀತೇನ್ರಿ” ಎಂದು ಬೇಡಿಕೊಂಡರು. ಅಜ್ಜಿ ಅಡುಗೆಮನೆಯಿಂದ ಇಣುಕಿ ನೋಡಿ, ನೋಡಲೇ ಇಲ್ಲವೆನ್ನುವಂತೆ ಒಲೆ ಊದಲು ಹೋದರು. ಅಜ್ಜ ತಲೆಯೆತ್ತದೆ, “ಕಲಮು ಎರಡು. ನೀನು ಹೋಗಿ ಮುಂದಿನ ಪದ ಯೋಚಿಸು,” ಎಂದರು. ಲೋಟಗಳು ಸರಿಯಾಗಿ ಬೆಳಗಿರಲಿಲ್ಲ. ರಾತ್ರಿ ಎಲ್ಲ ಮಲಗಿದ ಮೇಲೆ ಅಜ್ಜಿ ಅವನ್ನು ಮತ್ತೊಮ್ಮೆ ತೊಳೆದರು.

ಆ ಸಂಜೆಯ ನಂತರ ಅತ್ತೆ ಮಾವನವರೊಡನೆ ಮಾತಾಡಲು ಶುರುಮಾಡಿದರು. ಮೊದಮೊದಲು ಆಟದೊಳಗೆ ಮಾತ್ರ. ಆಟ ಮುಗಿದರೆ ಮತ್ತೆ ಬಾಗಿಲ ಸಂದಿ. ಆಮೇಲೆ ಆಟದ ಹೊರಗೂ ಒಂದೆರಡು ಮಾತು. ಪುಸ್ತಕಕ್ಕೆ ಮಾವ ಸೊಸೆ ಎನ್ನುವುದು ತಿಳಿಯದು. ಅದರ ಹೆಸರು ಹೇಳಿ ಯಾರು ಯಾರಿಗೆ ಬೇಕಾದರೂ “ನೀವು ಹೇಳಿದ್ದು ತಪ್ಪು” ಅನ್ನಬಹುದಿತ್ತು. ಅಂಥ ಮಾತಿಗೆ ಬೇರೆ ಜಾಗವೇ ಇರದ ಮನೆಯಲ್ಲಿ ಅದೇನು ಸಣ್ಣ ಸಂಗತಿಯೇ? ಚಿಕ್ಕಪ್ಪ ಕೂಡ ಆ ಧೈರ್ಯದ ಮೇಲೇ ಬಂಗುಡೆ, ಕಾಣೆ ಎಂದು ಮೀನಿನ ಹೆಸರುಗಳನ್ನು ಆ ಸಸ್ಯಾಹಾರಿ ಜಗಲಿಗೆ ತಂದು ಸುರಿಯತೊಡಗಿದರು. “ತಿನ್ನದವರು ಹೆಸರು ತಿಳ್ಕೊಂಬುಕಾಗ ಅಂತ ಉಂಟಾ?” ಎನ್ನುವುದು ಅವರ ವಾದ.

ಕಿಟೆಲ್ ಆಳ್ವಿಕೆಗೆ ಮೊದಲ ಪೆಟ್ಟು ಬಿದ್ದದ್ದು 1970ರಲ್ಲಿ. ಕನ್ನಡ ಸಾಹಿತ್ಯ ಪರಿಷತ್ತಿನ ಕನ್ನಡ ನಿಘಂಟಿನ ಮೊದಲ ಸಂಪುಟ ಬಂತು. 1940ರ ದಶಕದಿಂದ ನಡೆಯುತ್ತಿದ್ದ ಕೆಲಸ. ಡಿ.ಎಲ್. ನರಸಿಂಹಾಚಾರ್, ಜಿ. ವೆಂಕಟಸುಬ್ಬಯ್ಯ ಮೊದಲಾದವರು ಶಾಸನಗಳಿಂದ, ಕಾವ್ಯಗಳಿಂದ ಪದ ಹೆಕ್ಕಿ, ಪ್ರಯೋಗಗಳ ಸಮೇತ ಕೂಡಿಸಿಟ್ಟದ್ದು. ದೊಡ್ಡಪ್ಪ ಬೆಂಗಳೂರಿನಿಂದ ಹೊತ್ತು ತಂದರು. ಅಜ್ಜ ಗೌರವದಿಂದ ತಿರುವಿ ನೋಡಿ ಪಕ್ಕಕ್ಕಿಟ್ಟರು. ಅದನ್ನು ಮಡಿಲಿಗೆ ಎಳೆದುಕೊಂಡವರು ಅಜ್ಜಿ.

ಕನ್ನಡಕ್ಕೆ ಕನ್ನಡದಲ್ಲೇ ಅರ್ಥ! ಇನ್ನು ಯಾವ ಗುಮಾಸ್ತೆಯೂ ಬೇಡ. ಇಷ್ಟು ವರ್ಷ ತಮ್ಮ ಪದಗಳ ಹಣೆಬರಹವನ್ನು ಇನ್ನೊಬ್ಬರ ಬಾಯಿಂದ ಕೇಳಿದವರು ಈಗ ಕನ್ನಡಕ ಹಾಕಿ ತಾವೇ ಓದಿದರು. ಅಜ್ಜಿ ಶಾಲೆಗೆ ಹೋದದ್ದು ಕಡಿಮೆ, ಜೈಮಿನಿ ಭಾರತ ಮಾತ್ರ ಬಾಯಿಗೆ ಬರುತ್ತಿತ್ತು. ನಿಘಂಟಿನಲ್ಲಿ ಅದರ ಸಾಲೊಂದು ಉದಾಹರಣೆಯಾಗಿ ಕಂಡರೆ ಪುಸ್ತಕ ಮುಚ್ಚಿ ಪದ್ಯದ ಉಳಿದ ಭಾಗ ತಾವು ಹೇಳಿ ಮುಗಿಸುತ್ತಿದ್ದರು. ತವರಿನವರು ಸಂತೆಯಲ್ಲಿ ಸಿಕ್ಕ ಹಾಗೆ ಅವರ ಮುಖ ಅರಳುತ್ತಿತ್ತು. ಅಂದೇ ಘೋಷಣೆಯಾಯಿತು: ಇನ್ನು ಮೇಲೆ ಪರಿಷತ್ತೇ ಪಂಚ.

ತೊಡಕು ಏನೆಂದರೆ ಪರಿಷತ್ತು ಇನ್ನೂ ಅಕಾರದಲ್ಲಿತ್ತು. ನಮ್ಮ ಆಟದಲ್ಲಿ ಅಕಾರಕ್ಕೆ ಕೆಲಸವೇ ಕಡಿಮೆ. ಯಾವ ಪದವೂ ‘ಅ’ ಎಂದು ಬಿಡಿಯಾಗಿ ಮುಗಿಯುವುದಿಲ್ಲವಲ್ಲ. ಆಟದ ಮೊದಲ ಪದಕ್ಕೆ ಮಾತ್ರ ಅಜ್ಜಿಯ ಪಂಚ, ಅಲ್ಲಿಂದಾಚೆಗೆ ಎಲ್ಲ ಅಜ್ಜನ ಕಿಟೆಲ್. ಒಂದೊಂದೇ ಸಂಪುಟ ಬಂದಂತೆ ಕಿಟೆಲ್ ಸಾಹೇಬರ ಸೀಮೆ ಒಂದೊಂದು ಅಕ್ಷರ ಕುಗ್ಗುತ್ತ ಹೋಯಿತು. ಎರಡು ಸಂಪುಟಗಳ ನಡುವೆ ಮಕ್ಕಳು ಕಾಲೇಜು ಸೇರಿದರು, ಮದುವೆಯಾದರು. ಪರಿಷತ್ತಿನ ಮೇಲೆ ಅಜ್ಜಿಗೆ ಸಿಟ್ಟಿರಲಿಲ್ಲ. “ಅಡುಗೆ ನಿಧಾನ ಆದ್ರೆ ರುಚಿ,” ಎನ್ನುತ್ತಿದ್ದರು. ಆದರೆ ಇನ್ನೂ ಬಾರದ ಸಂಪುಟದ ಅಕ್ಷರಕ್ಕೆ ಕಿಟೆಲ್ ಕೊಟ್ಟ ತೀರ್ಪನ್ನು ಒಪ್ಪುವುದಿಲ್ಲ ಎಂದು ಹಟ ಹಿಡಿದರು. ಅವರ ಕೆಲವು ಅಡುಗೆಮನೆಯ ಮಾತುಗಳು ಕಿಟೆಲ್ಲಿನಲ್ಲಿ ಸಿಕ್ಕಿರಲಿಲ್ಲ. ಪರಿಷತ್ತಿನಲ್ಲಿ ಸಿಕ್ಕೇ ಸಿಗುತ್ತವೆ ಎಂಬ ನಂಬಿಕೆ. ಹೀಗೆ ಹುಟ್ಟಿತು ಖಟ್ಲೆ ಪುಸ್ತಕ. ಎರಡು ರೂಪಾಯಿಯ ನೋಟುಬುಕ್ಕು. ಪದ, ಹೇಳಿದವರು, ಅನುಮಾನಪಟ್ಟವರು, ತಾರೀಕು. ಕೊನೆಯ ಕಾಲಮ್ಮಿನಲ್ಲಿ ಅಕ್ಕನ ದುಂಡು ಅಕ್ಷರ: ‘ಸಂಪುಟ ಬಂದ ಮೇಲೆ.’

ಬಾಕಿ ಖಟ್ಲೆಗಳಲ್ಲಿ ಹೆಚ್ಚಿನವು ಪಕಾರ, ಹಕಾರದವು. ಹೇಳಿದವರು ಅಜ್ಜಿ, ಅನುಮಾನಪಟ್ಟವರು ಅಜ್ಜ.

ಇತ್ತೀಚೆಗೆ ಮಕ್ಕಳ ದೆಸೆಯಿಂದ ಸ್ಕ್ರ್ಯಾಬಲ್ಲಿನ ಚರಿತ್ರೆ ಓದಿದೆ. ಓದಿ ಸಮಾಧಾನವಾಯಿತು. 1930ರ ದಶಕದಲ್ಲಿ ಆಲ್‌ಫ್ರೆಡ್ ಬಟ್ಸ್ ಎಂಬ ವಾಸ್ತುಶಿಲ್ಪಿ, ಕೆಲಸವಿಲ್ಲದ ದಿನಗಳಲ್ಲಿ, ಪತ್ರಿಕೆಯ ಪುಟದಲ್ಲಿ ಯಾವ ಅಕ್ಷರ ಎಷ್ಟು ಸಲ ಬರುತ್ತದೆಂದು ಎಣಿಸಿ ಕಟ್ಟಿದ ಆಟ ಅದು. ಅಮೆರಿಕದವರು ಬೇರೆ ಬೇರೆ ನಿಘಂಟು ಹಿಡಿದು ಜಗಳಾಡಿ, 1978ರಲ್ಲಿ ಆಟಕ್ಕೆಂದೇ ಒಂದು ನಿಘಂಟು ಮಾಡಿಕೊಂಡರು. ಇಂಗ್ಲೆಂಡಿನವರು ಆಗ ತಮ್ಮ ಚೇಂಬರ್ಸ್ ನಿಘಂಟನ್ನು ಬಿಡಲಿಲ್ಲ. ಇವತ್ತಿಗೂ ದೊಡ್ಡ ಪಂದ್ಯಗಳಲ್ಲಿ ಉತ್ತರ ಅಮೆರಿಕದವರದ್ದೊಂದು ಪಟ್ಟಿ, ಮಿಕ್ಕ ಬಹುಪಾಲು ಲೋಕದ್ದೊಂದು ಪಟ್ಟಿ. ನಡುವೆ 1990ರ ದಶಕದಲ್ಲಿ ಅಮೆರಿಕದವರು ತಮ್ಮ ನಿಘಂಟಿನಿಂದ ಕೆಟ್ಟ ಪದಗಳನ್ನು ಕಿತ್ತುಹಾಕಿದಾಗ ಆಟಗಾರರೇ ರೇಗಿದರಂತೆ. ನಮ್ಮ ಅಕ್ಕನಾದರೆ ಖುಷಿಪಡುತ್ತಿದ್ದಳು.

2015ರಲ್ಲಿ ನ್ಯೂಜಿಲೆಂಡಿನ ನೈಜೆಲ್ ರಿಚರ್ಡ್ಸ್ ಎಂಬಾತ ಫ್ರೆಂಚ್ ಸ್ಕ್ರ್ಯಾಬಲ್ಲಿನ ವಿಶ್ವ ಚಾಂಪಿಯನ್ ಆದ. ಅವನಿಗೆ ಫ್ರೆಂಚ್ ಮಾತಾಡಲು ಬಾರದು. ಎರಡು ತಿಂಗಳು ಕೂತು ಪದಪಟ್ಟಿಯನ್ನು ಉರುಹೊಡೆದಿದ್ದ. ಈ ಸುದ್ದಿ ಓದಿದಾಗ ಅಜ್ಜಿಯ ನೆನಪಾಯಿತು. ಅವರದು ಇದರ ತದ್ವಿರುದ್ಧ ದಾರಿ. ಭಾಷೆಯೆಲ್ಲ ಬರುತ್ತಿತ್ತು, ಪಟ್ಟಿ ಮಾತ್ರ ಗೊತ್ತಿರಲಿಲ್ಲ. ಮುನಿಸಿಕೊಂಡು ಮೂಲೆಯಲ್ಲಿ ಕೂತ ಮಗುವನ್ನು ಅವರು ‘ಊದುಗೊಣಬೆ’ ಎನ್ನುತ್ತಿದ್ದರು. ನಾನು ಎಷ್ಟೋ ಸಲ ಆಗಿದ್ದೇನೆ. ಅಜ್ಜಿಯ ಹೊರತು ಇನ್ನಾರ ಬಾಯಲ್ಲೂ ಅದನ್ನು ಕೇಳಿಲ್ಲ. ರಿಚರ್ಡ್ಸ್‌ನೆದುರು ಅಜ್ಜಿ ಸೋಲುತ್ತಿದ್ದರು, ಖಂಡಿತ. ಸೋತು, ಲೋಟ ತೊಳೆದು ಬಂದು, ಅವನನ್ನು ಊಟಕ್ಕೆ ಎಬ್ಬಿಸುತ್ತಿದ್ದರು.

ಅಜ್ಜ ಹೋದದ್ದು ಎಂಬತ್ತರ ದಶಕದ ಒಂದು ಮಳೆಗಾಲ. ಅದರ ಮುಂದಿನ ಬೇಸಿಗೆ ಆಟ ಕೂಡಿತು, ಆದರೆ ಯಾರೂ ಯಾರ ಪದದ ಮೇಲೂ ಅನುಮಾನ ಪಡಲಿಲ್ಲ. ಸೌಜನ್ಯದಿಂದ ಆಡಿದ ಪದದಾಟದಷ್ಟು ಸಪ್ಪೆ ಇನ್ನೊಂದಿಲ್ಲ. ಅಜ್ಜಿಯೇ ಬೇಸತ್ತು, “ಅದೊಂದು ಪದವೇನೋ, ಪುಸ್ತಕ ತೆಗಿ,” ಎಂದು ದೊಡ್ಡಪ್ಪನ ಮೇಲೆ ಬಿದ್ದರು. ತೆಗೆದದ್ದು ಕಿಟೆಲ್. ಅಜ್ಜಿಯೇ ಹೇಳಿ ತೆಗೆಸಿದ್ದು. ಪರಿಷತ್ತಿನಲ್ಲಿ ಆ ಅಕ್ಷರ ಬಂದು ವರ್ಷಗಳಾಗಿದ್ದವು. ಯಾಕೆ ಎಂದು ಯಾರೂ ಕೇಳಲಿಲ್ಲ.

ಎಂಟನೆಯ, ಕೊನೆಯ ಸಂಪುಟ ಬಂದದ್ದು 1995ರಲ್ಲಿ. ಅಷ್ಟು ಹೊತ್ತಿಗೆ ಅಜ್ಜಿಯೂ ಇರಲಿಲ್ಲ. ಸೋದರಮಾವ ಅದನ್ನು ತಂದ ದಿನ ಅತ್ತೆ ಖಟ್ಲೆ ಪುಸ್ತಕ ಹುಡುಕಿ ತೆಗೆದರು. ಅಕ್ಕ ಕೈ ತೊಳೆದು ಬಂದು ಓದಿದಳು. ಆಗ ಅವಳಿಗೇ ಹೈಸ್ಕೂಲಿಗೆ ಹೋಗುವ ಮಗಳಿದ್ದಳು. ಹಕಾರದ ಪದಗಳಲ್ಲಿ ಕೆಲವು ನಿಂತವು, ಕೆಲವು ಬಿದ್ದವು. ನಿಂತ ಪದಕ್ಕೆ ಅಜ್ಜ ಲೋಟ ತೊಳೆಯಬೇಕು, ಬಿದ್ದ ಪದಕ್ಕೆ ಅಜ್ಜಿ. ಅತ್ತೆ ಎದ್ದು ಹೋಗಿ ಎಲ್ಲ ಲೋಟಗಳನ್ನು ತಾವೇ ತೊಳೆದಿಟ್ಟರು. ಪಕಾರದ ಖಟ್ಲೆಗಳನ್ನು ನಾಳೆ ನೋಡೋಣ ಎಂದರು. ಆ ನಾಳೆಗೆ ಎಲ್ಲರಿಗೂ ಬಸ್ಸಿತ್ತು.

ಆಮೇಲೆ ಹಿಸ್ಸೆ. ತೋಟ, ಗದ್ದೆ, ಪಾತ್ರೆ ಸಲೀಸಾಗಿ ಹರಿದವು. ನಿಘಂಟಿನ ಮುಂದೆ ಎಲ್ಲ ನಿಂತರು. ಸೆಟ್ಟು ಒಡೆಯಬಾರದು ಎಂದು ಎಲ್ಲರೂ ಹೇಳಿದರು, ಸೆಟ್ಟು ತನಗೇ ಬೇಕು ಎಂದೂ ಎಲ್ಲರೂ ಹೇಳಿದರು. ಕೊನೆಗೆ ಚೀಟಿ ಎತ್ತಿ, ಸಂಪುಟಕ್ಕೊಬ್ಬರಂತೆ ಎಂಟು ಮೊಮ್ಮಕ್ಕಳಿಗೆ ಹಂಚಿದ್ದಾಯಿತು. ಕಿಟೆಲ್ ಮಾತ್ರ ಚೀಟಿಗೆ ಬರಲಿಲ್ಲ. ಅದು ಧಾರವಾಡದ ಅತ್ತೆಗೆ ಎಂದು ಯಾರೂ ಹೇಳದೆಯೇ ಎಲ್ಲರಿಗೂ ಗೊತ್ತಿತ್ತು. ನನ್ನ ಪಾಲಿಗೆ ಹಕಾರದ ಸಂಪುಟ ಬಂತು. ಅದಾದ ಮೇಲೆ ನಮ್ಮಲ್ಲಿ ಯಾರಿಗಾದರೂ ಪದವೊಂದರ ಅನುಮಾನ ಬಂದರೆ ಆ ಅಕ್ಷರ ಇದ್ದ ಮನೆಗೆ ಫೋನು ಮಾಡಬೇಕಾಯಿತು. ಪದ ಕೇಳಿ ಸುಮ್ಮನೆ ಇಡಲಾಗುತ್ತದೆಯೇ? ಮಳೆ, ಮಕ್ಕಳ ಪರೀಕ್ಷೆ, ಮಂಡಿನೋವು. ವರ್ಷಕ್ಕೊಮ್ಮೆಯೂ ಮಾತಾಡದವರು ಕಕಾರಕ್ಕಾಗಿ, ತಕಾರಕ್ಕಾಗಿ ಮಾತಾಡಿದರು. ಈಗ ಫೋನಿನೊಳಗೇ ನಿಘಂಟುಗಳಿವೆ. ವಿ. ಕೃಷ್ಣ ಅವರು ದಶಕಗಳ ಕಾಲ ಒಬ್ಬರೇ ಕೂತು ಕಟ್ಟಿದ ‘ಅಲರ್’ 2019ರಿಂದ ಯಾರಿಗೆ ಬೇಕಾದರೂ ಉಚಿತ. ಕಿಟೆಲ್ಲೂ ಅಂತರ್ಜಾಲದಲ್ಲಿ ಸಿಗುತ್ತದೆ. ಒಳ್ಳೆಯದೇ. ಆದರೆ ಹಕಾರ ಕೇಳಿಕೊಂಡು ನನಗೆ ಫೋನು ಬಂದು ಬಹಳ ದಿನವಾಯಿತು.

ಖಟ್ಲೆ ಪುಸ್ತಕ ಈಗ ನನ್ನ ಬಳಿ ಇದೆ. ಪಕಾರದ ಪದಗಳು ಅದರಲ್ಲಿ ಹಾಗೇ ಬಾಕಿ ಇವೆ. ಫೋನಿನ ನಿಘಂಟಿನಲ್ಲಿ ನೋಡಿ ಮುಗಿಸಬಹುದು ಎಂದು ಮಗ ಹೇಳುತ್ತಾನೆ. ನೋಡುವಂತಿಲ್ಲ, ಅಜ್ಜಿ ಒಪ್ಪಿದ್ದು ಪರಿಷತ್ತನ್ನು. ಪಕಾರದ ಸಂಪುಟ ಚೀಟಿಯಲ್ಲಿ ಬಂದದ್ದು ಚಿಕ್ಕಮ್ಮನ ಮಗನಿಗೆ. ಅವನು ಅದನ್ನು ಹೊತ್ತುಕೊಂಡು ಸಮುದ್ರ ದಾಟಿದವನು ಫೋನು ಎತ್ತುವುದನ್ನು ಬಿಟ್ಟಿದ್ದಾನೆ. ಯಾವುದೋ ಮಾತಿಗೆ ಬೇಸರವಂತೆ. ಯಾವ ಮಾತು, ಯಾರು ಆಡಿದ್ದು ಎಂದು ನಮಗೆ ಯಾರಿಗೂ ತಿಳಿಯದು. ತಮ್ಮಾ, ಇದು ನಿನ್ನ ಕಣ್ಣಿಗೆ ಬಿದ್ದರೆ ಒಂದು ಸಲ ಫೋನು ಎತ್ತು. ನಾನು ಪದ ಓದುತ್ತೇನೆ, ನೀನು ಪುಟ ಮಗುಚು. ಲೋಟ ತೊಳೆಯುವ ಪಾಳಿ ಯಾರಿಗೇ ಬರಲಿ, ನಾನು ತೊಳೆಯುತ್ತೇನೆ.